ಗಂಟೆಗೊಂದು ಸೆಂಟಿಮೀಟರ್

ಮೂರು ವರ್ಷ ನನ್ನ ಮೇಜಿನ ಪಕ್ಕದ ಕಿಟಕಿಯಲ್ಲಿ ಒಂದು ಗಾಜಿನ ಅಳತೆ ಜಾಡಿ ನಿಂತಿರುತ್ತಿತ್ತು. ಒಳಗೆ ಹಾಲಿನಂಥ ಬಿಳಿ ದ್ರವ, ಹೊರಗೆ ನಾನು ಸ್ಕೆಚ್ ಪೆನ್ನಿನಲ್ಲಿ ಎಳೆದ ಗೆರೆಗಳು, ಪ್ರತಿ ಗೆರೆಯ ಪಕ್ಕ ಗಂಟೆ. ಮೇಲಿನ ನೀರು ತಿಳಿಯಾಗುತ್ತ, ಬಿಳುಪು ಕೆಳಕೆಳಗೆ ಸರಿಯುವುದನ್ನು ನೋಡುತ್ತ ಕೂರುವುದೇ ಈಕೆಯ ನೌಕರಿ ಎಂದು ಅಕೌಂಟ್ಸ್ ವಿಭಾಗದವರು ನಗುತ್ತಿದ್ದರು. ಅದರಲ್ಲಿ ಸುಳ್ಳೇನಿರಲಿಲ್ಲ. ಒಂದು ಮೈಕ್ರಾನ್ ಗಾತ್ರದ ಒಂಟಿ ಜಿರ್ಕೋನಿಯಾ ಕಣ ನಿಂತ ನೀರಿನಲ್ಲಿ ಗಂಟೆಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಇಳಿಯುತ್ತದೆ. ಗಾತ್ರ ಹತ್ತು ಪಟ್ಟಾದರೆ ಇಳಿಯುವ ವೇಗ ನೂರು ಪಟ್ಟಾಗುತ್ತದೆ. ಹಾಗಾಗಿ ಗೆರೆಗಳು ಒಂದಕ್ಕೊಂದು ಒತ್ತೊತ್ತಾಗಿದ್ದರೆ ನನಗೆ ಆ ದಿನ ಊಟ ರುಚಿಸುತ್ತಿತ್ತು. ಗೆರೆ ಎಳೆಯುವುದರೊಳಗೆ ಬಿಳುಪು ಜಾರಿ ತಳ ಸೇರಿದ್ದರೆ, ಕಣಗಳು ಎಲ್ಲೋ ಒಂದಕ್ಕೊಂದು ಅಂಟಿಕೊಂಡು ಗುಂಪು ಕಟ್ಟಿವೆ ಎಂದರ್ಥ.

ಇದು 2008ರಿಂದ 2011ರವರೆಗಿನ ಮಾತು. ಆಗಿನ ಗುಲ್ಬರ್ಗದ ಪಿಡಿಎ ಕಾಲೇಜಿನಲ್ಲಿ ಸಿರಾಮಿಕ್ ಮತ್ತು ಸಿಮೆಂಟ್ ತಂತ್ರಜ್ಞಾನ ಓದಿದ ನನ್ನ ಜೊತೆಯವರೆಲ್ಲ ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಫ್ಯಾಕ್ಟರಿಗಳಿಗೆ ಹೋದರು. ನಾನು ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಒಂದು ಲೇಪನ ಕಾರ್ಖಾನೆಗೆ ಬಂದೆ. ಗ್ಯಾಸ್ ಟರ್ಬೈನಿನ ಬಿಡಿಭಾಗಗಳಿಗೆ ಪ್ಲಾಸ್ಮಾ ಗನ್ನಿನಿಂದ ಸಿರಾಮಿಕ್ ಪದರ ಹಚ್ಚುವ ಕೆಲಸ ಅಲ್ಲಿಯದು. ಟರ್ಬೈನಿನ ನಿಕ್ಕಲ್ ಮಿಶ್ರಲೋಹ 1300 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗತೊಡಗುತ್ತದೆ. ಈಗಿನ ಎಂಜಿನ್‌ಗಳಲ್ಲಿ ಅದರ ಮೇಲೆ ಬೀಸುವ ಅನಿಲ ಅದಕ್ಕಿಂತ ಬಿಸಿ. ಲೋಹದ ಒಳಗಿನ ಕಿಂಡಿಗಳಲ್ಲಿ ತಂಪು ಗಾಳಿ ಹರಿಸಿ, ಹೊರಮೈಗೆ ಕೂದಲೆಳೆಯ ಎರಡು ಮೂರು ಪಟ್ಟು ದಪ್ಪದ ಜಿರ್ಕೋನಿಯಾ ಪದರ ಹಚ್ಚಿ ಲೋಹವನ್ನು ಉಳಿಸಿಕೊಳ್ಳುತ್ತಾರೆ. ಬರೀ ಜಿರ್ಕೋನಿಯಾ ಸಾಲದು, ತೂಕದಲ್ಲಿ ನೂರಕ್ಕೆ ಏಳೆಂಟು ಪಾಲು ಯಿಟ್ರಿಯಾ ಬೆರೆಸಬೇಕು. ಇಲ್ಲದಿದ್ದರೆ ಕಾದು ಆರುವಾಗ ಹರಳಿನ ರೂಪ ಬದಲಾಗಿ, ಹಿಗ್ಗಿ, ಪದರ ಚೂರಾಗುತ್ತದೆ.

ಅಪ್ಪನಿಗೆ ನಾನು ಇದನ್ನು ಮೊದಲ ಬಾರಿ ವಿವರಿಸಿದಾಗ ಆತ ಬಹಳ ಯೋಚನೆ ಮಾಡಲಿಲ್ಲ. "ಮಾಳಿಗಿ ಮ್ಯಾಲಿನ ಮಣ್ಣು ಇದ್ದಂಗ ಅನ್ನು" ಅಂದ. ನಮ್ಮೂರ ಮನೆಗಳಿಗೆ ಮಣ್ಣಿನ ಮಾಳಿಗೆ. ಮೇ ತಿಂಗಳಲ್ಲಿ ಹೊರಗೆ ಕಾಲಿಡಲಾಗದ ಬಿಸಿಲಿದ್ದರೂ ಒಳಗೆ ಕಂಬಳಿ ಹಾಸಿ ಮಲಗಬಹುದು. ಮಣ್ಣಿನ ಸಂದುಗೊಂದುಗಳಲ್ಲಿ ಸಿಕ್ಕಿಕೊಂಡ ಗಾಳಿ ಬಿಸಿಲನ್ನು ಕೆಳಗಿಳಿಯಗೊಡುವುದಿಲ್ಲ. ನಮ್ಮ ಪದರದ ಗುಟ್ಟೂ ಅದೇ. ಗಟ್ಟಿ ಜಿರ್ಕೋನಿಯಾ ಮೊದಲೇ ಶಾಖವನ್ನು ಸರಿಯಾಗಿ ಸಾಗಿಸದ ವಸ್ತು. ಅದರೊಳಗೆ ಸಣ್ಣ ರಂಧ್ರ ಸೇರಿಸಿದರೆ ಸಾಗಾಟ ಇನ್ನೂ ಅರ್ಧಕ್ಕಿಳಿಯುತ್ತದೆ. ವರ್ಷಗಟ್ಟಲೆ ಓದಿದ್ದನ್ನು ಅಪ್ಪ ಒಂದು ವಾಕ್ಯದಲ್ಲಿ ಹೇಳಿದ್ದಕ್ಕೆ ನನಗೆ ಸ್ವಲ್ಪ ಸಿಟ್ಟೂ ಬಂತು.

ಕಾರ್ಖಾನೆಯ ಮಾಮೂಲಿ ಕೆಲಸ ಒಣ ಪೌಡರಿನದು. ಹತ್ತರಿಂದ ನೂರು ಮೈಕ್ರಾನ್ ನಡುವಿನ ಕಾಳುಕಾಳಾದ ಪೌಡರನ್ನು ಆರ್ಗಾನ್ ಗಾಳಿಯಲ್ಲಿ ತೇಲಿಸಿ ಗನ್ನಿನ ಬಾಯಿಗೆ ಬಿಡುತ್ತಾರೆ. ಹತ್ತು ಸಾವಿರ ಡಿಗ್ರಿ ಮೀರಿದ ಪ್ಲಾಸ್ಮಾದಲ್ಲಿ ಅದು ಕರಗಿ, ಲೋಹಕ್ಕೆ ಬಡಿದು, ಸಗಣಿ ಬೆರಣಿ ತಟ್ಟಿದ ಹಾಗೆ ಚಪ್ಪಟೆಯಾಗಿ ಕೂರುತ್ತದೆ. ಬೆರಣಿಯ ಮೇಲೆ ಬೆರಣಿ. ಇದಕ್ಕಿಂತ ನಯವಾದ ಪದರ ಬೇಕೆಂದರೆ ಪೌಡರನ್ನು ಒಂದು ಮೈಕ್ರಾನಿಗೆ ಇಳಿಸಬೇಕು. ಅಲ್ಲೇ ತಕರಾರು ಶುರು. ರವೆ ಡಬ್ಬಿಯಿಂದ ಸುರಿಯುತ್ತದೆ, ಮೈದಾ ಸುರಿಯುವುದಿಲ್ಲ, ಉಂಡೆಯಾಗಿ ಬಾಯಿಗೆ ಕಟ್ಟಿಕೊಳ್ಳುತ್ತದೆ. ಒಂದು ಮೈಕ್ರಾನಿನ ಜಿರ್ಕೋನಿಯಾ ಮೈದಾಕ್ಕಿಂತ ಹಟಮಾರಿ. ಹೇಗೋ ಕೊಳವೆ ದಾಟಿಸಿದರೂ ಪ್ಲಾಸ್ಮಾದ ಬಿರುಗಾಳಿಯೊಳಗೆ ಅದು ನುಗ್ಗುವುದಿಲ್ಲ. ಒಕ್ಕಣೆಯ ಕಣದಲ್ಲಿ ತೊಗರಿ ತೂರುವಾಗ ಕಾಳು ನೆಟ್ಟಗೆ ಬೀಳುತ್ತದೆ, ಹೊಟ್ಟು ಗಾಳಿಯ ಜೊತೆ ಆಚೆ ಹೋಗುತ್ತದಲ್ಲ, ಅಷ್ಟೇ. ಹೊಟ್ಟಿಗೆ ತೂಕ ಕೊಡಬೇಕು. ದ್ರವದಲ್ಲಿ ಕಲಸಿ, ಆ ದ್ರವವನ್ನೇ ಸಣ್ಣ ಧಾರೆಯಾಗಿ ಪ್ಲಾಸ್ಮಾದೊಳಗೆ ಹೊಡೆಯುವ ಉಪಾಯವನ್ನು 1990ರ ದಶಕದ ನಡುವಿನಲ್ಲಿ ಕೆನಡಾದ ಶೆರ್ಬ್ರೂಕ್ ವಿಶ್ವವಿದ್ಯಾಲಯದವರು ತೋರಿಸಿದ್ದರು. ನಮ್ಮ ಯಜಮಾನರು ಯಾವುದೋ ಸಮ್ಮೇಳನದಲ್ಲಿ ಅದರ ಬಗ್ಗೆ ಕೇಳಿ ಬಂದರು. ಹಿತ್ತಲಿನ ಶೆಡ್ಡು ಖಾಲಿ ಮಾಡಿಸಿ, ಒಂದು ಹಳೆಯ ಗನ್ನು, ಒಂದು ಬಾಲ್ ಮಿಲ್ಲು, ನನ್ನನ್ನು ಮತ್ತು ಒಬ್ಬ ಹೆಲ್ಪರನ್ನು ಅಲ್ಲಿಗೆ ಹಾಕಿದರು.

ಹೆಲ್ಪರನ್ನು ಎಲ್ಲರೂ ಕೆಜಿಎಫ್ ಅಣ್ಣ ಎನ್ನುತ್ತಿದ್ದರು. ಅವರಿಗೆ ಆಗಲೇ ಐವತ್ತು ದಾಟಿತ್ತು. ಚಿನ್ನದ ಗಣಿಯಲ್ಲಿ ಅದಿರು ಅರೆಯುವ ಮಿಲ್ಲಿನಲ್ಲಿದ್ದವರು, ಅವರ ಅಪ್ಪನೂ ಅಲ್ಲೇ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನರ ಹಾಗೆ ಇವರೂ ನಸುಕಿನಲ್ಲಿ ಮಾರಿಕುಪ್ಪಂನಿಂದ ಹೊರಡುವ ಟ್ರೈನು ಹತ್ತಿ ಬೆಂಗಳೂರಿಗೆ ಬಂದು, ರಾತ್ರಿ ಅದೇ ದಾರಿಯಲ್ಲಿ ವಾಪಸು. ಮನೆಯ ಮಾತು ತಮಿಳು, ನಮ್ಮೊಡನೆ ಕನ್ನಡ, ಯಂತ್ರಗಳೊಡನೆ ಮಾತ್ರ ಇಂಗ್ಲಿಷ್ ಬೈಗುಳ. ನನ್ನ ಅಪ್ಪನ ವಯಸ್ಸಿನವರು ನನ್ನನ್ನು ಮೇಡಂ ಎಂದು ಕರೆಯುವುದು ಕಸಿವಿಸಿಯಾಗಿ, ಹೆಸರು ಹಿಡಿದೇ ಕರೆಯಿರಿ ಎಂದೆ. "ಆಯ್ತು ಮೇಡಂ" ಅಂದರು. ಮೂರು ವರ್ಷವೂ ಮೇಡಂ ಆಗಿಯೇ ಉಳಿದೆ.

ಮೊದಲು ಆಲ್ಕೋಹಾಲಿನಿಂದ ಶುರು ಮಾಡಿದೆವು. ಪುಸ್ತಕಗಳೆಲ್ಲ ಎಥನಾಲ್ ಪರವಾಗಿಯೇ ಮಾತಾಡುತ್ತಿದ್ದವು. ನೀರನ್ನು ಕಾಯಿಸಿ ಆವಿ ಮಾಡಲು ಬೇಕಾದ ಶಾಖ ಎಥನಾಲಿಗೆ ಬೇಕಾದ್ದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಮೇಲಾಗಿ ಎಥನಾಲ್ ತಾನೇ ಉರಿದು ಒಂದಿಷ್ಟು ಶಾಖ ವಾಪಸು ಕೊಡುತ್ತದೆ. ನೀರಿನ ಮೇಲ್ಮೈ ಸೆಳೆತ ಎಥನಾಲಿನ ಮೂರು ಪಟ್ಟು, ಹಾಗಾಗಿ ನೀರಿನ ಹನಿ ಸುಲಭಕ್ಕೆ ಒಡೆದು ಪುಡಿಹನಿಯಾಗುವುದಿಲ್ಲ. ಯಾವ ರೀತಿ ನೋಡಿದರೂ ನೀರು ಸೋಲುವ ಕುದುರೆ. ಆದರೆ ಪುಸ್ತಕ ಬರೆದವರಿಗೆ ಅಬಕಾರಿ ಇಲಾಖೆ ಗೊತ್ತಿರಲಿಲ್ಲವೇನೋ. ಎಥನಾಲ್ ಇಡಲು ಪರವಾನಗಿ, ತರಲು ಪರ್ಮಿಟ್ಟು, ಲೀಟರ್ ಲೆಕ್ಕದ ರಿಜಿಸ್ಟರು. ಆವಿಯಾಗಿ ಹೋದ ಅರ್ಧ ಲೀಟರಿಗೆ ಏನು ಬರೆಯಬೇಕೆಂದು ಸ್ಟೋರ್ಸಿನವರು ನನ್ನ ಮುಖ ನೋಡುತ್ತಿದ್ದರು. ನಿಜವಾದ ಅಂಜಿಕೆ ಬೇರೆಯೇ ಇತ್ತು. ಕಿಡಿ ಹಾರುವ ಗನ್ನಿನ ಒಂದೂವರೆ ಮಾರು ದೂರದಲ್ಲಿ ಒತ್ತಡ ತುಂಬಿದ ಡಬ್ಬದ ತುಂಬ ಆಲ್ಕೋಹಾಲು. ಒಂದು ಮಧ್ಯಾಹ್ನ ಕೊಳವೆಯ ಜೋಡಣೆ ಸಡಿಲಾಗಿ, ಬೂತಿನ ನೆಲದ ಮೇಲೆ ನೀಲಿ ಜ್ವಾಲೆ ಹಾವಿನಂತೆ ಸರಿದುಹೋಯಿತು. ಯಾರಿಗೂ ಏನೂ ಆಗಲಿಲ್ಲ. ಮಾರನೆಯ ದಿನ ಯಜಮಾನರು ಶೆಡ್ಡಿಗೆ ಬಂದು, ನಿಂತೇ, "ನೀರಲ್ಲಿ ಮಾಡಿ" ಎಂದು ಹೇಳಿ ಹೋದರು.

ನೀರಲ್ಲಿ ಮಾಡುವುದು ಎಂದರೆ ಏನು ಮಹಾ ಎಂದುಕೊಂಡಿದ್ದೆ.

ಜಿರ್ಕೋನಿಯಾ ಕಣ ನೀರಿಗೆ ಬಿದ್ದ ಕೂಡಲೇ ಅದರ ಮೈಗೆ ವಿದ್ಯುದಾವೇಶ ಏರುತ್ತದೆ. ನೀರು ಆಮ್ಲೀಯವಾಗಿದ್ದರೆ ಧನ, ಕ್ಷಾರೀಯವಾಗಿದ್ದರೆ ಋಣ. ನಡುವೆ, ಪಿಎಚ್ ಆರರ ಆಸುಪಾಸಿನಲ್ಲಿ, ಎರಡೂ ಇಲ್ಲದ ಒಂದು ಜಾಗವಿದೆ. ಅಲ್ಲಿ ಕಣಕ್ಕೆ ಕಣದ ಮೇಲೆ ಹಗೆ ಇರುವುದಿಲ್ಲ, ಎಲ್ಲವೂ ಅಪ್ಪಿಕೊಂಡು ತಳ ಸೇರುತ್ತವೆ. ಶುದ್ಧ ನೀರಿನ ಪಿಎಚ್ ಹೆಚ್ಚು ದೂರದಲ್ಲೇನೂ ಇಲ್ಲ ಎಂಬುದೇ ನಮ್ಮ ದುರದೃಷ್ಟ. ಆದ್ದರಿಂದ ಅಮೋನಿಯಾ ಹಾಕಿ ಪಿಎಚ್ ಒಂಬತ್ತಕ್ಕೆ ಏರಿಸುತ್ತಿದ್ದೆವು. ಅದರ ಮೇಲೆ ಪಾಲಿಅಕ್ರಿಲಿಕ್ ಆಮ್ಲದ ಅಮೋನಿಯಂ ಲವಣವನ್ನು ಪೌಡರಿನ ತೂಕಕ್ಕೆ ನೂರಕ್ಕೊಂದು ಪಾಲಿಗೂ ಕಡಿಮೆ ಬೆರೆಸುತ್ತಿದ್ದೆವು. ಉದ್ದನೆಯ ಎಳೆಯಂಥ ಈ ಅಣು ಕಣದ ಮೈಗೆ ಸುತ್ತಿಕೊಂಡು, ಎಲ್ಲ ಕಣಗಳಿಗೂ ಒಂದೇ ಜಾತಿಯ ಆವೇಶ ತೊಡಿಸಿ, ಒಂದನ್ನೊಂದು ಹತ್ತಿರ ಬರಗೊಡುವುದಿಲ್ಲ. ಕಡಿಮೆಯಾದರೆ ಕೆಲಸ ಮಾಡದು. ಹೆಚ್ಚಾದರೆ ಮೈಗೆ ಅಂಟದ ಎಳೆಗಳು ನೀರಿನಲ್ಲೇ ಉಳಿದು ಸ್ಲರಿ, ಅಂದರೆ ಪೌಡರು ಕಲಸಿದ ಆ ದ್ರವ, ಜಿಗುಟಾಗುತ್ತದೆ. ಸರಿಯಾದ ಪ್ರಮಾಣದಲ್ಲಿ ಬಿದ್ದಾಗ ಮಾತ್ರ ಒಂದು ಚಮತ್ಕಾರ. ರುಬ್ಬಿದ ಹಿಟ್ಟಿನಂತೆ ದಪ್ಪಗಿದ್ದದ್ದು ಕೋಲು ತಿರುಗಿಸುತ್ತಿದ್ದಂತೆ ಒಮ್ಮೆಗೇ ಹಾಲಾಗಿಬಿಡುತ್ತದೆ. ಒಂದು ತೊಟ್ಟು ನೀರೂ ಹೆಚ್ಚು ಹಾಕದೆ! ಮೊದಲ ಸಲ ಹಾಗಾದಾಗ ಕೆಜಿಎಫ್ ಅಣ್ಣ ಕೋಲೆತ್ತಿ ನೋಡಿ, ನನ್ನನ್ನು ನೋಡಿ, "ಏನ್ ಮೇಡಂ ಮಂತ್ರ ಹಾಕಿದ್ರಾ" ಅಂದರು.

ಆ ದಿನದಿಂದ ಅವರು ಸ್ಲರಿಯನ್ನು ಹಾಲು ಎಂದೇ ಕರೆದರು. ನಾನೂ ರೂಢಿ ಮಾಡಿಕೊಂಡೆ. ಹಾಲು ಕಾಯಿತಾ, ಹಾಲು ಸೋಸಿದಿರಾ, ಹಾಲು ಒಡೆಯಿತಾ.

ಮಿಲ್ಲಿನ ವಿಷಯದಲ್ಲಿ ಅವರೇ ಗುರು. ಜಾಡಿಯೊಳಗೆ ಜಿರ್ಕೋನಿಯಾ ಗೋಲಿಗಳು, ಪೌಡರು, ನೀರು. ಜಾಡಿ ಉರುಳುವಾಗ ಗೋಲಿಗಳು ಮೇಲೇರಿ ಬಿದ್ದು ಪೌಡರನ್ನು ಅರೆಯುತ್ತವೆ. ಎಷ್ಟು ಗಂಟೆ ಅರೆಯಬೇಕೆಂದು ನಾನು ಲೆಕ್ಕ ಹಾಕಿ ಬೋರ್ಡಿನ ಮೇಲೆ ಬರೆದಿಡುತ್ತಿದ್ದೆ. ಅವರು ಬೋರ್ಡು ನೋಡುತ್ತಿರಲಿಲ್ಲ. ಟೀ ಲೋಟ ಹಿಡಿದು ಮಿಲ್ಲಿನ ಪಕ್ಕ ತಲೆ ವಾಲಿಸಿ ನಿಲ್ಲುತ್ತಿದ್ದರು. ಸ್ಲರಿ ಗಟ್ಟಿಯಾದರೆ ಗೋಲಿಗಳ ಸದ್ದು ಮಂಕಾಗುತ್ತದೆ, ಹಾಸಿಗೆಯೊಳಗೆ ಗುದ್ದಿದ ಹಾಗೆ. ತೀರಾ ತೆಳುವಾದರೆ ಗಲಗಲ ಎನ್ನುತ್ತದೆ, ಆಗ ಗೋಲಿ ಗೋಲಿಯನ್ನೇ ಅರೆಯುತ್ತದೆ. ನಡುವಿನದೊಂದು ಸದ್ದು ಇದೆ, ದೂರದಲ್ಲಿ ಮಳೆ ಬಂದಂತೆ. ಆ ಸದ್ದು ಬಂದರೆ ತಿರುಗಿ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ನನ್ನ ಕಣಗಾತ್ರದ ಯಂತ್ರ ಒಂದು ಗಂಟೆ ಬಿಟ್ಟು ಅದನ್ನೇ ಹೇಳುತ್ತಿತ್ತು. ಯಂತ್ರ ಹೇಳಿದ್ದು ವರದಿಗೆ ಹೋಗುತ್ತಿತ್ತು, ಅವರ ಕಿವಿ ಹೇಳಿದ್ದಕ್ಕೆ ವರದಿಯಲ್ಲಿ ಕಾಲಮ್ಮು ಇರಲಿಲ್ಲ. ಆಗ ನನಗೆ ಅದು ತಪ್ಪು ಎಂದು ಅನ್ನಿಸಿರಲೂ ಇಲ್ಲ.

2009ರ ಬೇಸಿಗೆಯಲ್ಲಿ ಹಾಲು ಒಡೆಯಲು ಶುರುವಾಯಿತು. ಅದೇ ಪೌಡರು, ಅದೇ ಅಳತೆ, ಅದೇ ಪಿಎಚ್. ಕಿಟಕಿಯ ಜಾಡಿಯಲ್ಲಿ ಮಾತ್ರ ಅರ್ಧ ಗಂಟೆಗೆಲ್ಲ ಮೊಸರು ಮೊಸರಾಗಿ ಕೆಳಗಿಳಿದು, ಮೇಲೆ ತಿಳಿನೀರು. ಗನ್ನಿಗೆ ಸ್ಲರಿ ಬಿಡುವ ನಾಜಲಿನ ತೂತು ಮಿಲಿಮೀಟರಿನ ಐದನೇ ಒಂದು ಪಾಲು. ಗುಂಪು ಕಟ್ಟಿದ ಸ್ಲರಿ ಎರಡು ನಿಮಿಷಕ್ಕೆ ಅದನ್ನು ಕಟ್ಟಿಹಾಕುತ್ತಿತ್ತು. ಗನ್ ನಡೆಸುವವರು ಆರಿಸಿ, ಬಿಚ್ಚಿ, ಸೂಜಿ ಚುಚ್ಚಿ, ಮತ್ತೆ ಹೊತ್ತಿಸಿ, ಮೂರನೇ ಸಲಕ್ಕೆ ಹೆಲ್ಮೆಟ್ ಕಿತ್ತು ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಪೌಡರು ಕೆಟ್ಟಿರಬೇಕೆಂದು ಸರಬರಾಜುದಾರರಿಗೆ ಖಾರವಾದ ಪತ್ರ ಬರೆದೆ. ಪಾಲಿಅಕ್ರಿಲಿಕ್ ಲವಣದ ಹೊಸ ಬಾಟಲಿ ತರಿಸಿದೆ. ತಕ್ಕಡಿ ತಪಾಸಣೆ ಮಾಡಿಸಿದೆ. ಮೂರು ವಾರ ಕಳೆಯಿತು.

ನಾಲ್ಕನೇ ವಾರದ ಒಂದು ಸಂಜೆ ಕೆಜಿಎಫ್ ಅಣ್ಣ ಜಾಡಿಗಳನ್ನು ತೊಳೆಯುತ್ತಿದ್ದವರು ನನ್ನನ್ನು ಕರೆದರು. ಮೊದಲ ತೊಳೆತ ಮಾಮೂಲಿ ನಲ್ಲಿಯಲ್ಲಿ, ಕೊನೆಯ ತೊಳೆತ ಲವಣ ತೆಗೆದ ನೀರಿನ ನಲ್ಲಿಯಲ್ಲಿ, ಇದು ನಿಯಮ. ಅವರ ಕೈಯಲ್ಲಿ ಸೋಪಿತ್ತು. "ಈ ನಲ್ಲೀಲಿ ಸೋಪು ಹಚ್ಚಿದ್ರೆ ಬೇಗ ಹೋಗಲ್ಲ ಮೇಡಂ, ಜಾರ್‍ತಾನೇ ಇರುತ್ತೆ. ಈಗ ನೋಡಿ, ನೊರೇನೇ ಬರ್ತಿಲ್ಲ. ಇದು ಆ ನೀರಲ್ಲ, ಟ್ಯಾಂಕರ್ ನೀರು."

ಆ ಕಡೆಗೆ ಆಗ ಕಾವೇರಿ ಬಂದಿರಲಿಲ್ಲ. ಕಾರ್ಖಾನೆಗೆಲ್ಲ ಬೋರ್‌ವೆಲ್ಲಿನ ಟ್ಯಾಂಕರ್ ನೀರು. ಅದು ರಾಳದ ಕೊಳವೆಯೊಂದನ್ನು ಹಾದು ಲವಣ ಕಳೆದುಕೊಂಡು ನಮ್ಮ ಶೆಡ್ಡಿಗೆ ಬರಬೇಕಿತ್ತು. ರಾಳದ ಕಸುವು ಮುಗಿದು ಯಾವ ಕಾಲವಾಗಿತ್ತೋ. ಅದನ್ನು ತೋರಿಸಬೇಕಾದ ಮೀಟರಿನ ಬ್ಯಾಟರಿ ಸತ್ತಿತ್ತು. ಪ್ರತಿ ದಿನ ಮೀಟರ್ ನೋಡಿ ಸಹಿ ಹಾಕಬೇಕಾದ ಪುಸ್ತಕದಲ್ಲಿ ಸಹಿ ಇತ್ತು, ನನ್ನದೇ. ಪಿಎಚ್ ಸರಿಯಾಗಿದೆಯಲ್ಲ ಎಂದು ನೀರನ್ನು ನಂಬಿದ್ದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ತುಂಬಿದ ಗಡಸು ನೀರು ಪಿಎಚ್ ಮೀಟರಿಗೆ ಏನನ್ನೂ ಹೇಳುವುದಿಲ್ಲ. ಆದರೆ ಎರಡು ಆವೇಶದ ಕ್ಯಾಲ್ಸಿಯಂ ಅಯಾನು ನಮ್ಮ ಪಾಲಿಅಕ್ರಿಲಿಕ್ ಎಳೆಯ ಕೈಗಳನ್ನು ಎರಡೆರಡಾಗಿ ಹಿಡಿದು ಕಟ್ಟಿಹಾಕುತ್ತದೆ. ಒಂದನ್ನೊಂದು ದೂರ ತಳ್ಳಬೇಕಾದ ಕಣಗಳಿಗೆ ತಾನೇ ಸೇತುವೆಯಾಗುತ್ತದೆ. ಹಾಲು ಒಡೆಯುತ್ತದೆ.

ರಾತ್ರಿ ಫೋನಿನಲ್ಲಿ ಅವ್ವನಿಗೆ ಸುಮ್ಮನೆ ಇದನ್ನು ಹೇಳಿದೆ. ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. "ಸವಳ ನೀರಾಗ ಬ್ಯಾಳಿ ಬೇಯ್ತದೇನು?" ಅಂದಳು. ನಮ್ಮ ಕಡೆ ತೊಗರಿ ಬೆಳೆಯುವವರೆಲ್ಲರಿಗೂ ಗೊತ್ತು, ಕೆಲವು ಬಾವಿಗಳ ನೀರಿನಲ್ಲಿ ಎಷ್ಟು ಕುದಿಸಿದರೂ ಬೇಳೆ ಕಲ್ಲಿನಂತೆ ಉಳಿಯುತ್ತದೆ. ಬೇಳೆಗೆಂದೇ ದೂರದ ಸಿಹಿನೀರಿನ ಬಾವಿಯಿಂದ ಒಂದು ಕೊಡ ತರುತ್ತಿದ್ದ ನೆನಪು ನನಗೂ ಇತ್ತು. ಫೋನು ಇಟ್ಟ ಮೇಲೆ ಹೊಳೆಯಿತು. ಬೇಳೆಯ ಕೋಶಗಳನ್ನು ಅಂಟಿಸಿಟ್ಟಿರುವ ಪೆಕ್ಟಿನ್ನಿನಲ್ಲೂ ಇರುವುದು ಅದೇ ಕಾರ್ಬಾಕ್ಸಿಲ್ ಗುಂಪುಗಳು, ನಮ್ಮ ಪಾಲಿಅಕ್ರಿಲಿಕ್ ಎಳೆಯಲ್ಲಿ ಇರುವಂಥವೇ. ಕ್ಯಾಲ್ಸಿಯಂ ಅಲ್ಲಿ ಪೆಕ್ಟಿನ್ನನ್ನು ಕಟ್ಟಿಹಾಕಿ ಬೇಳೆ ಕರಗಗೊಡುವುದಿಲ್ಲ, ಇಲ್ಲಿ ಎಳೆಯನ್ನು ಕಟ್ಟಿಹಾಕಿ ಸ್ಲರಿ ಹರಡಗೊಡುವುದಿಲ್ಲ. ಒಂದೇ ರಸಾಯನ. ಅವ್ವನ ಒಲೆಯ ಮೇಲೂ ನನ್ನ ಶೆಡ್ಡಿನಲ್ಲೂ ಅದೇ ಜಗಳ ನಡೆದಿತ್ತು. ಆಕೆ ನೀರನ್ನು ಸಂಶಯದಿಂದ ನೋಡುವುದನ್ನು ಕಲಿತಿದ್ದಳು. ನಾನು ಸಿರಾಮಿಕ್ ಓದಿದವಳು, ಪೌಡರನ್ನೂ ಬೆಂಕಿಯನ್ನೂ ಮಾತ್ರ ಸಂಶಯಿಸಿದ್ದೆ. ಸರಬರಾಜುದಾರರಿಗೆ ಬರೆದ ಪತ್ರಕ್ಕೆ ಕ್ಷಮೆ ಕೇಳಿ ಇನ್ನೊಂದು ಪತ್ರ ಬರೆಯಬೇಕಿತ್ತು. ಬರೆಯಲಿಲ್ಲ.

ಹೊಸ ರಾಳ ಬಂತು, ಹಾಲು ಹಾಲಾಯಿತು. ಆಗ ಇನ್ನೊಂದು ಕಷ್ಟ ಎದುರಾಯಿತು. ಅದು ಒಳ್ಳೆಯ ಸ್ಲರಿಗೇ ಬರುವ ಕಷ್ಟ. ಕಣಗಳು ಒಂದನ್ನೊಂದು ಮುಟ್ಟದೆ ಬಿಡಿಬಿಡಿಯಾಗಿದ್ದರೆ ನಿಧಾನವಾಗಿ ಇಳಿಯುತ್ತವೆ, ನಿಜ. ಆದರೆ ತಳ ಸೇರಿದ ಮೇಲೆ ಒಂದರ ಪಕ್ಕ ಒಂದು ಜಾರಿಕೊಂಡು, ಸಂದು ಬಿಡದೆ, ಅಚ್ಚುಕಟ್ಟಾಗಿ ಕೂರುತ್ತವೆ. ಗುಂಪು ಕಟ್ಟಿದ ಕೆಟ್ಟ ಸ್ಲರಿಯ ತಳ ಅರಳೆಯಂತೆ ಪೊಳ್ಳು, ಬಾಟಲಿ ಅಲ್ಲಾಡಿಸಿದರೆ ಮತ್ತೆ ಎದ್ದುಬಿಡುತ್ತದೆ. ಒಳ್ಳೆಯ ಸ್ಲರಿಯ ತಳ ಶಹಾಬಾದ್ ಫರಸಿ ಕಲ್ಲು. ಒಂದು ಶನಿವಾರ ರಾತ್ರಿ ಕರೆಂಟು ಹೋಗಿ, ಕಲಕುವ ಯಂತ್ರ ನಿಂತು, ಭಾನುವಾರವೆಲ್ಲ ಹಾಗೇ ಇತ್ತು. ಸೋಮವಾರ ಬೆಳಿಗ್ಗೆ ಹತ್ತು ಲೀಟರಿನ ಡಬ್ಬದ ತಳದಲ್ಲಿ ನಾಲ್ಕು ಬೆರಳು ದಪ್ಪದ ಬಿಳಿ ಕಲ್ಲು. ಉಳಿ ಸುತ್ತಿಗೆ ತಂದು ಒಡೆದೆವು. ಒಡೆದ ಚೂರು ಎಷ್ಟು ಚೆನ್ನಾಗಿತ್ತೆಂದರೆ, ಒಲೆಯಲ್ಲಿ ಸುಟ್ಟಿದ್ದರೆ ಒಳ್ಳೆಯ ಪಿಂಗಾಣಿ ಬಿಲ್ಲೆಯಾಗುತ್ತಿತ್ತು. ಇಪ್ಪತ್ತು ದಿನದ ಪೌಡರು ಹೋಯಿತೆಂದು ನನಗೆ ಅಳು, ಅವರಿಗೆ ನಗು. "ಸೈನೈಡ್ ದಿಬ್ಬ ನೋಡಿದೀರಾ ಮೇಡಂ? ನಮ್ಮೂರಲ್ಲಿ ಇದೇ ಗುಡ್ಡ ಆಗಿದೆ" ಅಂದರು. ಚಿನ್ನ ತೆಗೆದು ಉಳಿದ ಅರೆದ ಪುಡಿಯನ್ನು ನೀರಿನಲ್ಲಿ ಹರಿಸಿ ಗುಡ್ಡೆ ಹಾಕಿದ ಕೆಜಿಎಫ್‌ನ ಬೂದು ದಿಬ್ಬಗಳನ್ನು ನಾನು ಆಮೇಲೆ ಒಮ್ಮೆ ನೋಡಿದೆ.

ಪರಿಹಾರ ಅವರೇ ಹುಡುಕಿದರು. ಕೆಟ್ಟುಹೋದ ಜೆರಾಕ್ಸ್ ಯಂತ್ರದ ರಬ್ಬರ್ ಉರುಳೆಗಳನ್ನು ಎಲ್ಲಿಂದಲೋ ತಂದು, ಹಳೆಯ ಮೋಟರು ಕಟ್ಟಿ, ಯುಪಿಎಸ್‌ಗೆ ಜೋಡಿಸಿ, ಬಾಟಲಿಗಳನ್ನು ಅಡ್ಡ ಮಲಗಿಸಿ ನಿಮಿಷಕ್ಕೆ ಐದಾರು ಸುತ್ತಿನಂತೆ ಹಗಲು ರಾತ್ರಿ ತಿರುಗಿಸುವ ವ್ಯವಸ್ಥೆ ಮಾಡಿದರು. ತೊಟ್ಟಿಲು ಎಂದು ಹೆಸರು. ಅದಾದ ಮೇಲೆ ಕಲ್ಲು ಕಟ್ಟಲಿಲ್ಲ.

ಸಿಂಪಡಿಸುವ ದಿನಗಳ ಬಗ್ಗೆ ಕೇಳುವವರು ಹೆಚ್ಚು, ಹೇಳುವುದು ಕಡಿಮೆ. ಕಪ್ಪು ಗಾಜಿನಾಚೆ ಜ್ವಾಲೆ, ಕಿವಿ ಮುಚ್ಚಿದರೂ ಎದೆಗೂಡಿಗೆ ತಾಗುವ ಸದ್ದು. ನೀರಿನ ಧಾರೆ ಒಳಹೋದ ಕ್ಷಣ ಜ್ವಾಲೆ ಗಿಡ್ಡವಾಗುತ್ತಿತ್ತು. ಎಥನಾಲಿಗೆ ಉಬ್ಬಿ ಬೆಳಗುತ್ತಿದ್ದ ಅದೇ ಜ್ವಾಲೆ ನೀರಿಗೆ ಮುಖ ಸಿಂಡರಿಸುತ್ತಿತ್ತು. ನಿಮಿಷಕ್ಕೆ ಮೂವತ್ತು ಗ್ರಾಂ ಸ್ಲರಿ ಬಿಟ್ಟರೆ ಅದರ ನೀರನ್ನು ಕುದಿಸಲಿಕ್ಕೇ ಒಂದು ಕಿಲೋವಾಟ್ ಹೋಗುತ್ತದೆ. ಹುಟ್ಟಿದ ಆವಿಯನ್ನು ಕಾಯಿಸಲು, ಒಡೆಯಲು ಬೇಕಾದ್ದು ಬೇರೆ. ಮೊದಲ ತಿಂಗಳುಗಳ ಪದರ ಸೀಮೆಸುಣ್ಣದಂತೆ ಉಗುರಿಗೆ ಕೆರೆದು ಬರುತ್ತಿತ್ತು, ಕರಗದ ಪೌಡರು. ಪ್ಲಾಸ್ಮಾ ಅನಿಲದಲ್ಲಿ ಹೈಡ್ರೋಜನ್ ಏರಿಸಿದೆವು, ಧಾರೆ ಇಳಿಸಿದೆವು. ಒಣ ಪೌಡರಿಗೆ ಗನ್ನಿನಿಂದ 120 ಮಿಲಿಮೀಟರ್ ದೂರದಲ್ಲಿಡುತ್ತಿದ್ದ ಲೋಹದ ತುಂಡನ್ನು 60ಕ್ಕೆ ತಂದೆವು. ಸಣ್ಣ ಕಣ ಬೇಗ ಕರಗುತ್ತದೆ, ಅಷ್ಟೇ ಬೇಗ ಆರುತ್ತದೆ, ದೂರ ನಿಂತರೆ ಕೈಗೆ ಸಿಗುವುದಿಲ್ಲ. ಹತ್ತಿರ ತಂದದ್ದರಿಂದ ತುಂಡು ಕೆಂಡವಾಯಿತು. ಅದಕ್ಕೆ ಹಿಂಬದಿಯಿಂದ ಗಾಳಿ. ಗಾಳಿ ಹೆಚ್ಚಾದರೆ ಪದರ ಹಿಡಿಯದು. ಹೀಗೆ ಒಂದೂವರೆ ವರ್ಷ.

ಎಥನಾಲಿನ ಪದರವನ್ನು ಅಡ್ಡ ಸೀಳಿ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಹೂಕೋಸಿನ ಸಾಲು ಕಾಣುತ್ತಿತ್ತು. ಪುಡಿಹನಿಯ ಹಗುರ ಕಣಗಳು ಮೇಲ್ಮೈಯ ಬಳಿ ಗಾಳಿಯ ಜೊತೆ ಅಡ್ಡಕ್ಕೆ ತಿರುಗಿ, ಉಬ್ಬುತಗ್ಗುಗಳ ಬದಿಗೆ ಬಡಿದು ಕಂಬಗಳಾಗಿ ಬೆಳೆಯುತ್ತವೆ. ನಮ್ಮ ನೀರಿನ ಹನಿಗಳು ದಪ್ಪ, ಅವು ತಿರುಗದೆ ನೆಟ್ಟಗೆ ಬಡಿಯುತ್ತಿದ್ದವು. ಕಂಬಗಳಿಲ್ಲ. ಗಟ್ಟಿ ಪದರ, ಅದರ ತುಂಬ ಮೇಲಿಂದ ಕೆಳಕ್ಕೆ ಇಳಿದ ಬಿರುಕುಗಳು. ಆ ಚಿತ್ರ ನೋಡಿದಾಗ ಗನ್ ನಡೆಸುವವರು ಕತ್ತು ಬಾಗಿಸಿಕೊಂಡು ಹೊರಟರು. ನನಗೆ ಮಾತ್ರ ಏಪ್ರಿಲ್ ತಿಂಗಳ ನಮ್ಮ ಎರೆಹೊಲ ಕಂಡಿತು. ಕಾಲು ಹೋಗುವಷ್ಟು ಬಾಯಿ ತೆರೆದ ನೆಲ, ಆದರೆ ಯಾವ ಹೆಂಟೆಯೂ ಬುಡ ಬಿಟ್ಟು ಮೇಲೇಳುವುದಿಲ್ಲ. ನಿಂತ ಬಿರುಕು ಕೊಲ್ಲುವುದಿಲ್ಲ. ಲೋಹ ಕಾದಾಗ ಸಿರಾಮಿಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಬಿರುಕಿದ್ದರೆ ಪದರ ಬಾಯಿ ಅಗಲಿಸಿ ಜೊತೆಗೆ ಹೋಗುತ್ತದೆ, ಆರಿದಾಗ ಮುಚ್ಚಿಕೊಳ್ಳುತ್ತದೆ. ಕೊಲ್ಲುವುದು ಮಲಗಿದ ಬಿರುಕು, ಪದರ ಮತ್ತು ಲೋಹದ ನಡುವೆ ಅಡ್ಡಲಾಗಿ ಹರಿಯುವುದು. ಇದು ಹೊಸ ಶೋಧವೇನಲ್ಲ, ನಿಂತ ಬಿರುಕನ್ನು ಬೇಕೆಂದೇ ಮೂಡಿಸುವ ಲೇಪನಗಳು ಅದಾಗಲೇ ಬಳಕೆಯಲ್ಲಿದ್ದವು. ಆದರೂ ಯಜಮಾನರನ್ನು ಒಪ್ಪಿಸಲು ನನಗೆ ಲೇಖನಗಳಿಗಿಂತ ಹೊಲದ ಫೋಟೋ ಹೆಚ್ಚು ಸಹಾಯ ಮಾಡಿತು.

ಕೊನೆಯ ಪರೀಕ್ಷೆ ಕುಲುಮೆಯಲ್ಲಿ. ಪದರ ಹಚ್ಚಿದ ಲೋಹದ ಬಿಲ್ಲೆಗಳನ್ನು 1100 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಇಟ್ಟು, ಹೊರಗೆಳೆದು ಫ್ಯಾನಿನ ಗಾಳಿಗೆ ಆರಿಸಿ, ಮತ್ತೆ ಒಳಗೆ. ಪದರದ ಐದನೇ ಒಂದು ಭಾಗ ಎದ್ದರೆ ಆ ಬಿಲ್ಲೆ ಸತ್ತಂತೆ. ರಾತ್ರಿ ಪಾಳಿಗೆ ಕೆಜಿಎಫ್ ಅಣ್ಣ ಟ್ರೈನು ಬಿಟ್ಟು ಅಲ್ಲೇ ಉಳಿದರು. ಪ್ರತಿ ಸುತ್ತಿಗೂ ಗೋಡೆಗೆ ಒಂದು ಗೀಟು, ಐದಕ್ಕೊಂದು ಅಡ್ಡ ಗೀಟು. ಎಥನಾಲಿನ ಬಿಲ್ಲೆಗಳು ಹೆಚ್ಚು ಬಾಳಿದವು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಒಣ ಪೌಡರಿನವು ಮೊದಲು ಹೋದವು. ನೀರಿನವು ನಡುವೆ. ಎಥನಾಲಿಗೆ ಹತ್ತಿರ ಎಂದು ನಾನು ವರದಿಯಲ್ಲಿ ಬರೆದೆ. ಅದು ಲೆಕ್ಕವೂ ಹೌದು, ಅಕ್ಕರೆಯೂ ಹೌದು. ಕೊನೆಯ ನೀರಿನ ಬಿಲ್ಲೆ ಎದ್ದದ್ದು ನಸುಕಿನ ನಾಲ್ಕಕ್ಕೆ, ಕುಲುಮೆಯೊಳಗಲ್ಲ, ಹೊರಗೆ ಆರುವಾಗ, ಸಣ್ಣಗೆ ಟಿಣ್ ಎಂದು. ಅವರು ಇಕ್ಕಳದಲ್ಲಿ ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಅದರಲ್ಲೊಂದು ಬಿಲ್ಲೆಯನ್ನು ಊರಿಗೆ ಒಯ್ದಿದ್ದೆ. ಅಪ್ಪ ಅಂಗೈಯಲ್ಲಿಟ್ಟುಕೊಂಡು, ಉಗುರಿನಲ್ಲಿ ಕೆರೆದು ನೋಡಿ, "ಇಷ್ಟ ತೆಳ್ಳಗ ಹಚ್ಚಲಿಕ್ಕ ಮೂರ ವರ್ಷ ಬೇಕಾತೇನವ್ವ?" ಎಂದು ಕೇಳಿದ. ಹೌದೆಂದೆ.

2011ರಲ್ಲಿ ಯೋಜನೆ ನಿಂತಿತು. ಗಿರಾಕಿಗಳಿಗೆ ಒಣ ಪೌಡರಿನ ಪದರವೇ ಸಾಕಾಗಿತ್ತು. ಹೊಸದನ್ನು ಎಂಜಿನ್ನಿಗೆ ಒಪ್ಪಿಸುವುದೆಂದರೆ ವರ್ಷಗಟ್ಟಲೆಯ ತಪಾಸಣೆ, ಅಷ್ಟು ಹಣ ಹಾಕಲು ಯಜಮಾನರು ತಯಾರಿರಲಿಲ್ಲ. ತಪ್ಪೆನ್ನಲಾರೆ. ಗನ್ನು ಮುಂದಿನ ಕಟ್ಟಡಕ್ಕೆ ಹೋಯಿತು, ಸೂಕ್ಷ್ಮದರ್ಶಕ ಗುಣಮಟ್ಟ ವಿಭಾಗಕ್ಕೆ, ಕೆಜಿಎಫ್ ಅಣ್ಣ ಪ್ಯಾಕಿಂಗಿಗೆ. ನನಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು.

ಕೊನೆಯ ದಿನ ಶೆಡ್ಡಿಗೆ ಬೀಗ ಹಾಕಲು ಹೋದಾಗ ಸಂಜೆ ಆರು. ಕಿಟಕಿಯ ಜಾಡಿಯನ್ನು ತೊಳೆದು ಚೀಲಕ್ಕೆ ಹಾಕಿಕೊಂಡೆ. ಸ್ಕೆಚ್ ಪೆನ್ನಿನ ಗೆರೆಗಳು ಹೋಗಲಿಲ್ಲ. ಅವರು ಪ್ಯಾಕಿಂಗಿನಿಂದ ಬಂದು ಬಾಗಿಲ ಬಳಿ ನಿಂತಿದ್ದರು, ಕೈಯಲ್ಲಿ ಊಟದ ಡಬ್ಬಿ, ಟ್ರೈನಿನ ಹೊತ್ತಾಗಿತ್ತು. ಖಾಲಿ ಶೆಡ್ಡಿನ ಮೂಲೆಯಲ್ಲಿ ತೊಟ್ಟಿಲು ಇನ್ನೂ ತಿರುಗುತ್ತಿತ್ತು. ಅದರ ಮೇಲೆ ಕೊನೆಯ ಬ್ಯಾಚಿನ ಒಂದೇ ಒಂದು ಬಾಟಲಿ, ಯಾರಿಗೂ ಬೇಡದ್ದು. ನಾನು ಸ್ವಿಚ್ಚಿನ ಕಡೆ ಕೈ ಚಾಚಿದೆ.

"ಇರ್ಲಿ ಬಿಡಿ ಮೇಡಂ" ಅಂದರು. "ನಿಲ್ಸಿದ್ರೆ ಕೂತ್ಕೊಂಡ್ಬಿಡುತ್ತೆ."